ಅಚ್ಚಿನಲ್ಲಿ ಇಲ್ಲದ್ದು

ಜೂನ್ 9

ತಂಗಿಗೆ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಮಿಕ್ಕ ಕುಶಲವನ್ನು ಆಮೇಲೆ ಕೇಳುತ್ತೇನೆ, ಮೊದಲು ಹೊಟ್ಟೆಯಲ್ಲಿರುವುದನ್ನು ಹೊರಗೆ ಹಾಕುತ್ತೇನೆ.

ಬೇರೆ ಹೆಸರಿಟ್ಟುಕೊಂಡು ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದೇನೆ ಎಂದು ಕಾಗದ ಹಾಕಿದ್ದೆಯಲ್ಲ, ಅದರ ಮೊದಲ ಕಂತು ನಮ್ಮ ಲಾಂಡ್ರಿಗೂ ಬಂತು. ಆ ಪತ್ರಿಕೆ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಒಂದು ವಾರ ಬಿದ್ದಿದ್ದು, ಆಮೇಲೆ ಕೆಳಗೆ ನಮ್ಮ ಮಡಚುವ ಕೋಣೆಗೆ ಇಳಿಯುತ್ತದೆ. ಊಟವಾದ ಮೇಲೆ ಅರ್ಧ ಗಂಟೆ ನಾನು ಎತ್ತರದ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಓದುತ್ತೇನೆ. ನನ್ನ ಪಾಲಿನ ಬೆಡ್‌ಶೀಟುಗಳನ್ನು ಮಿಕ್ಕ ಮೂವರು ಮಡಚುತ್ತಾರೆ. ಓದಿದವಳಿಗೇ ಪತ್ರಿಕೆ. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ. ನಿನ್ನ ಕಂತನ್ನೂ ಹಾಗೇ ಓದಿದೆ, ಬರೆದವಳು ನನ್ನ ಒಡಹುಟ್ಟಿದವಳು ಎಂದು ಯಾರಿಗೂ ಹೇಳದೆ.

ಮೊದಲು ಹೆಮ್ಮೆಯೇ ಇತ್ತು. ಅದು ಮೂರನೆಯ ಪ್ಯಾರಾದವರೆಗೆ ಮಾತ್ರ. ಹಾಸಿಗೆ ಹಿಡಿದ ತಾಯಿ, ನೋಡಿಕೊಳ್ಳುವ ದೊಡ್ಡ ಮಗಳು, ಒಂಬತ್ತು ದಿನ ರಜೆ ಹಾಕಿ ಬರುವ ಚಿಕ್ಕ ಮಗಳು. ಹೆಸರು ಬದಲಾಯಿಸಿದರೆ ಮುಖ ಬದಲಾಗುತ್ತದೆಯೇ? ಅಮ್ಮನ ಬೆನ್ನಿನ ಹುಣ್ಣನ್ನು 'ಬಿರಿದ ಹಣ್ಣಿನಂತೆ' ಎಂದು ಬರೆದಿದ್ದೀಯ. ಹಣ್ಣಂತೆ. ಏಳು ತಿಂಗಳು ಅದನ್ನು ತೊಳೆದವಳು ನಾನು. ನನಗೆ ಅದು ಒಂದು ದಿನವೂ ಹಣ್ಣಿನ ಹಾಗೆ ಕಾಣಲಿಲ್ಲ, ಹುಣ್ಣಿನ ಹಾಗೇ ಕಂಡಿತು.

ನಾನು ಹೊಲಸಿಗೆ ಮೂಗು ಮುಚ್ಚುವವಳಲ್ಲ. ಬೆಳಿಗ್ಗೆ ಏಳಕ್ಕೆ ಬಂದವಳು ಹತ್ತರವರೆಗೆ ವಾರ್ಡಿನ ಗಂಟುಗಳನ್ನು ಬಿಚ್ಚುತ್ತೇನೆ. ರಕ್ತದ್ದು ಬೇರೆ, ಮಲದ್ದು ಬೇರೆ, ವಾಂತಿಯದ್ದು ಬೇರೆ. ಅದರಿಂದ ನನಗೆ ಒಂದು ದಿನವೂ ಊಟ ಬಿಟ್ಟುಹೋಗಿಲ್ಲ. ನಿನ್ನ ಆ ಒಂದು ಸಾಲಿಗೆ ಬಿಟ್ಟುಹೋಯಿತು.

ಒಂದು ಮಾತು ಕೇಳು. ನಾನು ಕೆಲಸಕ್ಕೆ ಹೊರಡುವಾಗ ಅಮ್ಮನ ಕೈಗಳಿಗೆ ಏನು ಮಾಡಿ ಹೊರಡುತ್ತಿದ್ದೆ ಎನ್ನುವುದನ್ನು ನೋಡಿದವಳು ಭೂಮಿಯ ಮೇಲೆ ನೀನೊಬ್ಬಳೇ. ಅದನ್ನು ಬರೆಯಬೇಡ. ಅದೊಂದನ್ನು ಬಿಟ್ಟು ಏನಾದರೂ ಬರೆದುಕೋ.

ನಿನ್ನ ಅಕ್ಕ


ಜೂನ್ 21

ಅಕ್ಕ,

ನಿನ್ನ ಕಾಗದ ಮೇಜಿನ ಮೇಲಿಟ್ಟುಕೊಂಡು ನಾಲ್ಕು ದಿನ ಸುತ್ತಾಡಿದೆ.

ಅದು ಕಥೆ ಅಕ್ಕ. ಕಥೆಯಲ್ಲಿರುವ ದೊಡ್ಡ ಮಗಳು ನೀನಲ್ಲ, ಚಿಕ್ಕವಳು ನಾನಲ್ಲ. ನಮ್ಮಿಂದ ಶುರುವಾದರು, ಅಷ್ಟೇ. ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ.

ಎಲ್ಲಾ ಕಂತುಗಳನ್ನೂ ಪತ್ರಿಕೆಯವರಿಗೆ ಕೊಟ್ಟು ಎರಡು ತಿಂಗಳಾಯಿತು. ಈಗ ನನ್ನ ಕೈಯಲ್ಲಿ ಏನೂ ಇಲ್ಲ. ಪೂರ್ತಿ ಓದು, ಆಮೇಲೆ ಬೈಯಿ. ಎರಡು ವರ್ಷ ಕೂತು ಬರೆದದ್ದು ನೀನು ಓದಲಿ ಅಂತಲೇ.

ಮಂಡಿನೋವು ಹೇಗಿದೆ?

ತಂಗಿ


ಜುಲೈ 19

ತಂಗಿಗೆ,

ಮಂಡಿ ಇದ್ದ ಹಾಗೇ ಇದೆ. ಆರನೇ ಕಂತು ಬಂತು.

ಬರೆದೇಬಿಟ್ಟೆಯಲ್ಲ. 'ದೊಡ್ಡವಳು ಹಳೆಯ ಬೆಡ್‌ಶೀಟಿನಿಂದ ಹರಿದ ಪಟ್ಟಿಯಲ್ಲಿ ತಾಯಿಯ ಕೈಗಳನ್ನು ಮಂಚದ ಸರಳಿಗೆ ಕಟ್ಟಿದಳು.' ಆಮೇಲೆ ಗಂಟಿನ ವರ್ಣನೆ. ಮಣಿಕಟ್ಟಿನ ಕೆಂಪು ಗೆರೆಯ ವರ್ಣನೆ. ಸಂಜೆ ಬಿಚ್ಚಿದಾಗ ಬೆರಳುಗಳು ಹೇಗೆ ಬಿಗಿದುಕೊಂಡಿದ್ದವು ಎಂಬ ವರ್ಣನೆ. ಯಾಕೆ ಕಟ್ಟಿದಳು ಎನ್ನುವುದಕ್ಕೆ ಒಂದು ಸಾಲು ಕೊಟ್ಟಿದ್ದೀಯ, ಗಂಟಿಗೆ ಅರ್ಧ ಪುಟ. ಅಮ್ಮ ಹುಣ್ಣಿನ ಬ್ಯಾಂಡೇಜು ಕಿತ್ತು ಉಗುರಿನಲ್ಲಿ ಕೆರೆದುಕೊಂಡು ಗೋಡೆಗೆ ಬಳಿಯುತ್ತಿದ್ದಳಲ್ಲ, ಅದನ್ನು ಮೂರು ಸಲ ನಾನು ಗೋಡೆಯಿಂದ ತೊಳೆದೆನಲ್ಲ, ಅದಕ್ಕೆ ನಿನಗೆ ವರ್ಣನೆ ಸಿಗಲಿಲ್ಲವೇ? ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಅವಳ ಪಕ್ಕದಲ್ಲಿ ಕೂರುವವರು ಯಾರಿದ್ದರು ಹೇಳು. ನನ್ನ ಗಂಡ ಹೋಗಿ ಆರು ವರ್ಷ, ನೀನಿರುವುದು ಒಂದು ದಿನದ ರೈಲಿನಾಚೆ.

ಆ ಮಧ್ಯಾಹ್ನ ನಾನು ಕಂತನ್ನು ಮೊದಲೇ ನೋಡಿಕೊಂಡಿರಲಿಲ್ಲ. ನಾನು ಯಾವಾಗಲೂ ಕೇಳುವವರ ಜೊತೆಗೇ ಓದುವವಳು, ಮುಂದೇನು ಎಂಬ ಆಸೆ ನನಗೂ ಇರಲಿ ಎಂದು. ಹಳೇ ಅಭ್ಯಾಸ, ಕಣ್ಣು ನಾಲಿಗೆಗಿಂತ ಎರಡು ಸಾಲು ಮುಂದೆ ಓಡುತ್ತದೆ. 'ಪಟ್ಟಿ' ಎಂಬ ಮಾತು ಕಂಡಿತು. ನಾಲಿಗೆ ಅಲ್ಲೇ ನಿಂತಿತು. ನೀರು ಕುಡಿದೆ. ಮೂವರೂ ಶೀಟು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಹೇಗೋ ಆ ಪುಟ ದಾಟಿದೆ.

ಬೆಳಿಗ್ಗೆ ದೇವರ ಮುಂದೆ ಕೂತಾಗಲೂ ನಾನು ಆ ವಿಷಯ ಎತ್ತುವುದಿಲ್ಲ. ಅವನಿಗೆ ಗೊತ್ತಿದೆ, ನನಗೆ ಗೊತ್ತಿದೆ, ನಡುವೆ ಮಾತು ಬೇಡ ಎಂದು ಹಾಗೇ ಬಿಟ್ಟಿದ್ದೇನೆ. ನೀನು ಅದನ್ನು ಬಣ್ಣದ ಚಿತ್ರ ಹಾಕಿಸಿ ಬೆಂಚಿನ ಮೇಲಿಟ್ಟೆ.

ನಿನ್ನ ಕಾಗದ ಬಂದರೆ ಒಡೆಯಲೋ ಬೇಡವೋ ಎಂದು ಇನ್ನು ಮೇಲೆ ಯೋಚಿಸಬೇಕು.

ಅಕ್ಕ


ಆಗಸ್ಟ್ 23

ಅಕ್ಕ,

ಇದನ್ನು ಒಡೆದು ಓದು.

ಪತ್ರಿಕೆಯವರು ನನಗೆ ಒಂದು ಓದುಗರ ಪತ್ರ ಕಳಿಸಿದ್ದಾರೆ. ಸಂಪಾದಕರಿಗೆ ತಲೆಬುಡ ತಿಳಿಯಲಿಲ್ಲವಂತೆ. ನಾನು ಹಾಗೇ ನಕಲು ಮಾಡಿದ್ದೇನೆ:

'ಬರೆಯುವ ಅಮ್ಮನವರಿಗೆ ಲಾಂಡ್ರಿಯ ಹೆಂಗಸರ ನಮಸ್ಕಾರ. ನಾವು ನಿಮ್ಮ ಕಥೆಯನ್ನು ಶೀಟು ಮಡಚುತ್ತಾ ಕೇಳುತ್ತೇವೆ. ದೊಡ್ಡ ಮಗಳು ದಿನಾ ಕೆಲಸಕ್ಕೆ ಹೊರಡುವ ಮೊದಲು ತಾಯಿಯ ತಲೆ ಬಾಚಿ, ಜಡೆ ಹೆಣೆದು, ಪಕ್ಕದ ಮನೆಯ ಮುದುಕಿಯನ್ನು ಕೂರಿಸಿ, ಒಂದು ಹಾಡು ಹೇಳಿ ಹೋಗುತ್ತಾಳಲ್ಲ, ಆ ಕಂತು ಕೇಳಿ ಮೂವರೂ ಅತ್ತೆವು. ಅಂಥ ಮಗಳು ಎಲ್ಲರ ಹೊಟ್ಟೆಯಲ್ಲೂ ಹುಟ್ಟಲಿ. ಅವಳಿಗೆ ಮುಂದೆ ಒಳ್ಳೆಯದಾಗುವ ಹಾಗೆ ಬರೆಯಿರಿ. ನನ್ನ ಮನೆಯಲ್ಲೂ ಹಾಸಿಗೆ ಹಿಡಿದ ಅತ್ತೆ ಇದ್ದಾರೆ. ನಾನು ಅವಳ ಕಾಲ ಧೂಳಿಗೂ ಸಮ ಇಲ್ಲ ಅನಿಸುತ್ತದೆ. ಇಂತಿ, ಹರಿದದ್ದನ್ನು ಹೊಲಿಯುವವಳು.'

ನನ್ನ ಹಸ್ತಪ್ರತಿ ತೆಗೆದು ಹುಡುಕಿದೆ ಅಕ್ಕ, ಹುಚ್ಚಿಯ ಹಾಗೆ. ಜಡೆ ಇಲ್ಲ. ಹಾಡು ಇಲ್ಲ. ಪಕ್ಕದ ಮನೆಯ ಮುದುಕಿ ನನ್ನ ಕಥೆಯಲ್ಲಿ ಎಲ್ಲೂ ಹುಟ್ಟಿಯೇ ಇಲ್ಲ. ಆಮೇಲೆ ಅರ್ಥವಾಯಿತು.

ನನ್ನ ಮಾತುಗಳನ್ನು ಒಗೆದು, ಇಸ್ತ್ರಿ ಹಾಕಿ, ಮಡಚಿ ಕೊಡುತ್ತಿದ್ದೀಯ. ಒಂದು ಸಾಲಿಗೆ ಮೂರು ದಿನ ಕೂತ ದಿನಗಳಿವೆ. ಅದರ ಮೇಲೆ ನೀನು ಸಕ್ಕರೆ ಸುರಿದಿದ್ದೀಯ, ಅವರು ಚಪ್ಪರಿಸಿ ನನಗೆ ನಮಸ್ಕಾರ ಕಳಿಸಿದ್ದಾರೆ. ನನಗೆ ಆ ನಮಸ್ಕಾರ ಮುಟ್ಟುವುದಕ್ಕೂ ಅಸಹ್ಯವಾಗುತ್ತದೆ.

ತಂಗಿ


ಆಗಸ್ಟ್ 31

ತಂಗಿಗೆ,

ಹೌದು, ನಾನೇ. ಆ ಮಧ್ಯಾಹ್ನ ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಬಾಯಿಗೆ ಜಡೆ ಬಂತು. ಜಡೆಯ ಹಿಂದೆ ಹಾಡು ಬಂತು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳಿಗೆ ಸುಳ್ಳು ಅಷ್ಟು ಸಲೀಸಾಗಿ ಬರಬಾರದಿತ್ತು.

ಒಂದು ಸಲ ದಾರಿ ಬಿಟ್ಟ ಮೇಲೆ ವಾಪಸು ಬರುವುದು ಹೇಗೆ? ನಿನ್ನ ಏಳನೇ ಕಂತಿನಲ್ಲಿ ತಾಯಿಯ ಕೈಗೆ ಗಾಯವಾಗಿರುತ್ತದೆ. ನನ್ನ ಏಳನೇ ಕಂತಿನಲ್ಲಿ ಗಾಯ ಎಲ್ಲಿಂದ ತರಲಿ? ಹಾಗಾಗಿ ಈಗ ಪ್ರತಿ ವಾರ ನಾನೇ ಕಟ್ಟಬೇಕು. ಸ್ನಾನ ಮಾಡುತ್ತಾ ಕಟ್ಟುತ್ತೇನೆ, ಬಸ್ಸಿನಲ್ಲಿ ನಿಂತುಕೊಂಡು ಕಟ್ಟುತ್ತೇನೆ. ಪತ್ರಿಕೆಯನ್ನು ಮುಖದ ಮುಂದೆ ಹಿಡಿದುಕೊಳ್ಳುತ್ತೇನೆ, ಸರಿಯಾದ ಹೊತ್ತಿಗೆ ಪುಟ ತಿರುಗಿಸುತ್ತೇನೆ. ಬರೆಯುವುದು ಕಷ್ಟ ಎಂದು ನೀನು ಹೇಳುತ್ತಿದ್ದದ್ದು ನಿಜ. ಒಪ್ಪಿಕೊಂಡೆ.

ನಮ್ಮಲ್ಲಿ ರೇಡಿಯೋ ಅಂತ ಒಬ್ಬಳಿದ್ದಾಳೆ, ಬಾಯಿ ನಿಲ್ಲುವುದಿಲ್ಲ, ಅದಕ್ಕೇ ಆ ಹೆಸರು. ಅವಳಿಗೆ ನಿನ್ನ ಚಿಕ್ಕ ಮಗಳನ್ನು ಕಂಡರೆ ಆಗುವುದಿಲ್ಲ. ಬರೀ ನೋಡಿಕೊಂಡು ಹೋಗುವುದಕ್ಕೆ ಬಂದವಳು, ಅವಳಿಗೆ ಯಾರಾದರೂ ಬುದ್ಧಿ ಕಲಿಸಬೇಕು ಎಂದು ದಿನಾ ಪೀಡಿಸುತ್ತಿದ್ದಳು. ಮೊನ್ನೆ ತಡೆಯಲಾರದೆ ತಾಯಿಯ ಕೈಯಿಂದ ನಿನಗೆ ಕೆನ್ನೆಗೆ ಒಂದು ಕೊಡಿಸಿದೆ. ಕ್ಷಮಿಸು. ಎಲ್ಲರಿಗೂ ಬಹಳ ಸಂತೋಷವಾಯಿತು. ಹಿರಿಯಕ್ಕ ಅಂತ ಇದ್ದಾಳೆ, ಮೂವತ್ತು ವರ್ಷದಿಂದ ಇಲ್ಲೇ ಮಡಚುವವಳು, ಎಂದೂ ನಗದವಳು. ಅವಳೂ ನಕ್ಕಳು.

ನಿನಗೆ ಅಸಹ್ಯವಂತೆ. ಈ ಮೂವರು ಏನು ಕೇಳುತ್ತಾರೆ ಗೊತ್ತೇ? ಮಾಡಿದವಳಿಗೆ ಮಾಡಿದ್ದು ದಕ್ಕಲಿ, ಅಷ್ಟೇ. ಬೆಳಗಿನಿಂದ ಅವರ ಕೈ ಬೇರೆಯವರ ಮಲದಲ್ಲಿರುತ್ತದೆ. ಅದು ಹೇಗಿರುತ್ತದೆ ಎಂದು ನೀನು ಹೇಳಿಕೊಡಬೇಕಾಗಿಲ್ಲ. ಮಧ್ಯಾಹ್ನ ಅರ್ಧ ಗಂಟೆ ಒಗೆದ ಬಟ್ಟೆಯ ಬಿಸಿ ಮುಟ್ಟಿಕೊಂಡು ನಿಂತವರ ಮುಂದೆ, ಮತ್ತೆ ಹೊಲಸಿನ ಗಂಟನ್ನೇ ಬಿಚ್ಚುತ್ತೀಯಲ್ಲ, ನಿನಗೆ ಅದರಿಂದ ಏನು ಸಿಗುತ್ತದೆ? ನೀನು ಬರೆಯುವುದು ನಿನ್ನಂತೆ ಬರೆಯುವವರು ತಲೆದೂಗಲಿ ಎಂದು. 'ಬಿರಿದ ಹಣ್ಣು' ಓದಿ ಭೇಷ್ ಎನ್ನುವವರು ಒಂದು ಬೆನ್ನನ್ನೂ ತೊಳೆದಿರುವುದಿಲ್ಲ.

ಆ ಪತ್ರ ಬರೆದವಳು ಸೂಜಿ. ಹರಿದ ಶೀಟುಗಳನ್ನು ಮಿಷನ್ನಿನಲ್ಲಿ ಹೊಲಿಯುತ್ತಾಳೆ. ಮೈಯೂ ಸೂಜಿ, ಮಾತೂ ಸೂಜಿಯ ಕಣ್ಣಿನಷ್ಟೇ. ಅವಳು ನಿನಗೆ ಬರೆದಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ.

ಅಕ್ಕ


ಸೆಪ್ಟೆಂಬರ್ 15

ಅಕ್ಕ,

ಆ ಏಟು ನನಗೆ ಸಾಲದು.

ಕೊನೆಯ ಕಂತು ಇನ್ನೂ ಅಚ್ಚಾಗಿಲ್ಲ. ಅದರಲ್ಲಿ ಏನಿದೆ ಎಂದು ನಿನಗೆ ಈಗಲೇ ಹೇಳುತ್ತೇನೆ, ಸ್ಟೂಲಿನ ಮೇಲೆ ಕೂತು ಮೊದಲ ಸಲ ಓದುವುದು ಬೇಡ.

ನಾನು ಬಂದ ಎಂಟನೇ ದಿನ ನೀನು ಕೆಲಸಕ್ಕೆ ಹೋಗಿದ್ದೆ. ನಾನಿದ್ದೇನಲ್ಲ, ಕಟ್ಟಬೇಡ ಎಂದಿದ್ದೆ. ನೀನು ಕಟ್ಟದೆ ಹೋದೆ. ಹತ್ತು ಗಂಟೆಗೆ ಅಮ್ಮ ಬ್ಯಾಂಡೇಜಿಗೆ ಕೈ ಹಾಕಿದಳು. ಬೇಡಮ್ಮ ಅಂದೆ, ಕೈ ಹಿಡಿದೆ, ಅವಳ ಉಗುರಿನಲ್ಲಿದ್ದದ್ದು ನನ್ನ ಕೈಗೆ ಹತ್ತಿತು. ನಾನು ಬಚ್ಚಲಿಗೆ ಓಡಿ ವಾಂತಿ ಮಾಡಿದೆ. ವಾಪಸು ಬಂದು, ನೀನು ಸರಳಿನ ಮೇಲೆ ಹಾಕಿಟ್ಟಿದ್ದ ಪಟ್ಟಿ ತೆಗೆದುಕೊಂಡು ನಾನೇ ಕಟ್ಟಿದೆ. ನಿನಗಿಂತ ಬಿಗಿಯಾಗಿ. 'ಬಿಚ್ಚೇ, ನೋಯತ್ತೆ' ಅಂದಳು. ನಾನು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಅವಳು ಕೂಗುವುದು ಹೇಗೆ ಕೇಳಿಸುತ್ತಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನೀನು ಬರುವ ಹತ್ತು ನಿಮಿಷ ಮುಂಚೆ ಬಿಚ್ಚಿದೆ. ಒಂಬತ್ತನೇ ದಿನ ರೈಲು ಹತ್ತಿದಾಗ ಮೈ ಹಗುರವಾಗಿತ್ತು.

ನಾನು ಬರೆಯುವುದು ತಲೆದೂಗಿಸಲು ಅಲ್ಲ ಅಕ್ಕ. ಯಾರಾದರೂ ಒಬ್ಬರು ಇದನ್ನು ಓದಿ, ಹೇಸಿಕೊಂಡು, ಆದರೂ ಪುಟ ಮುಚ್ಚದೆ ಕೂತಿರಲಿ ಅಂತ. ನಿನ್ನ ಕೇಳುಗರು ಇಷ್ಟಪಡುವ ಹಾಗೆ ಬರೆದರೆ ಆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತವಳನ್ನು ಎಲ್ಲಿ ಇಡಲಿ?

ತಂಗಿ


ಅಕ್ಟೋಬರ್ 13

ತಂಗಿಗೆ,

ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ಉತ್ತರ ಬರೆಯಲು ಕೂತರೆ ಪೆನ್ನು ಹಿಡಿದ ಬೆರಳೇ ಬೇಡವಾಗುತ್ತಿತ್ತು.

ಕಟ್ಟಿದ್ದಕ್ಕೆ ನಾನು ಏನೂ ಅನ್ನುವ ಹಾಗಿಲ್ಲ. ಅನ್ನುವ ಮುಖ ನನಗಿಲ್ಲ. ಆದರೆ ಅಮ್ಮ ಕೂಗುತ್ತಿದ್ದಾಗ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆಯಲ್ಲ, ಅದು ನನ್ನ ಗಂಟಲಿನಿಂದ ಇಳಿಯುತ್ತಿಲ್ಲ. ಎಂಟನೇ ದಿನ ಸಂಜೆ ಅಮ್ಮನ ಮಣಿಕಟ್ಟು ಊದಿದ್ದು ನೋಡಿ, ಹಿಂದಿನ ದಿನ ನಾನೇ ಬಿಗಿದಿರಬೇಕು ಎಂದುಕೊಂಡು ಎಣ್ಣೆ ಹಚ್ಚಿದೆ. ಎರಡೂವರೆ ವರ್ಷ ಅದನ್ನೂ ನನ್ನ ಲೆಕ್ಕಕ್ಕೇ ಹಾಕಿಕೊಂಡಿದ್ದೆ. ದೇವರು ಎದುರಿಗಿದ್ದೂ ಒಂದು ಮಾತು ಹೇಳಲಿಲ್ಲ. ಹೋಗಲಿ.

ಇಲ್ಲಿ ಒಂದು ಆಗಿದೆ. ಅದನ್ನು ಹೇಳಲು ನೀನಲ್ಲದೆ ನನಗೆ ಇನ್ನೊಬ್ಬರಿಲ್ಲ, ಅದೇ ದೊಡ್ಡ ಗ್ರಹಚಾರ.

ಸೂಜಿ ಮೂರು ವಾರದಿಂದ ನಾನು ಸ್ಟೂಲು ಹತ್ತಿದ ಕೂಡಲೇ ಎದ್ದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂರುತ್ತಾಳೆ. ತಲೆನೋವು ಅನ್ನುತ್ತಿದ್ದಳು. ರೇಡಿಯೋ ಬಿಡಬೇಕಲ್ಲ, ಹಿಂದೆಯೇ ಹೋಗಿ ಕೆದಕಿದ್ದಾಳೆ. ಆ ದೊಡ್ಡ ಮಗಳ ಕಥೆ ಕೇಳಿ ಮನೆಗೆ ಹೋದರೆ ತನ್ನ ಕೈ ನೋಡಿಕೊಳ್ಳುವುದಕ್ಕೆ ತನಗೇ ಹೇಸಿಗೆ ಎಂದಳಂತೆ. ಬರುವ ತಿಂಗಳಿನಿಂದ ಕೆಲಸ ಬಿಡುವುದಾಗಿ ಸೂಪರ್‌ವೈಸರಿಗೆ ಹೇಳಿಯೂ ಆಗಿದೆ. ಇಡೀ ದಿನ ಅತ್ತೆಯ ಪಕ್ಕದಲ್ಲೇ ಕೂರುತ್ತಾಳಂತೆ. ಆ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಗಂಡ ಎಲ್ಲಿದ್ದಾನೋ ಅವನಿಗೇ ಗೊತ್ತಿಲ್ಲ.

ನಿನ್ನೆ ಅವಳ ಚೀಲ ಮೇಜಿನಿಂದ ಕೆಳಗೆ ಬಿತ್ತು. ಎತ್ತಿಕೊಡಲು ಬಗ್ಗಿದೆ. ಒಳಗೆ ಸುತ್ತಿಟ್ಟ ಎರಡು ಪಟ್ಟಿಗಳು. ನಮ್ಮಲ್ಲಿ ಹೊಲಿಗೆಗೂ ನಿಲ್ಲದ ಶೀಟುಗಳನ್ನು ಒರೆಸುವ ಬಟ್ಟೆಗೆ ಹರಿಯುತ್ತೇವೆ, ಅದರದ್ದೇ. ನೋಡಿದ ಕೂಡಲೇ ಗೊತ್ತಾಯಿತು. ಉದ್ದವೇ ಹೇಳುತ್ತದೆ, ಒಂದು ಮಣಿಕಟ್ಟಿಗೆ ಎರಡು ಸುತ್ತು, ಸರಳಿಗೆ ಒಂದು ಸುತ್ತು, ಗಂಟಿಗೆ ಒಂದು ಗೇಣು. ನಾನು ಹರಿಯುತ್ತಿದ್ದದ್ದೂ ಅಷ್ಟೇ ಉದ್ದ. ಆದರೆ ಅವಳ ಪಟ್ಟಿಗಳಿಗೆ ಎರಡೂ ಅಂಚಿನಲ್ಲಿ ಮಡಚಿ ಹೊಲಿಗೆ ಹಾಕಿತ್ತು, ಒಳಗೆ ಹತ್ತಿ ಇಟ್ಟು. ಕೈಗೆ ಒತ್ತಬಾರದೆಂದು. ಅಂಥ ಸಣ್ಣ ಹೊಲಿಗೆ ಅವಳು ಆಸ್ಪತ್ರೆಯ ಶೀಟಿಗೆ ಒಂದು ದಿನವೂ ಹಾಕಿಲ್ಲ. ನನಗೆ ಏಳು ತಿಂಗಳಲ್ಲಿ ಅದು ಹೊಳೆಯಲಿಲ್ಲ.

ಚೀಲ ಕೊಟ್ಟೆ. ಅವಳು ನನ್ನ ಮುಖ ನೋಡಲಿಲ್ಲ.

ನಾನು ಹೆಣೆದ ಜಡೆ ಹೋಗಿ ಅವಳ ಕುತ್ತಿಗೆಗೆ ಸುತ್ತಿಕೊಂಡಿದೆ. ಒಳ್ಳೆಯದನ್ನು ಓದಿದರೆ ಒಳ್ಳೆಯದಾಗುತ್ತದೆ ಎಂದು ನಂಬಿದ್ದವಳು ನಾನು. ಈಗ ಏನು ಮಾಡಲಿ? ಆರನೇ ಕಂತು ನನ್ನ ಪೆಟ್ಟಿಗೆಯಲ್ಲಿ ಸೀರೆಯ ಕೆಳಗಿದೆ. ಓದಿದರೆ ಹಿರಿಯಕ್ಕ ನನ್ನನ್ನು ಏನೆಂದುಕೊಳ್ಳುತ್ತಾಳೆ? ಓದದಿದ್ದರೆ ಈ ತಿಂಗಳ ಕೊನೆಗೆ ಸೂಜಿ ಹೋಗುತ್ತಾಳೆ.

ಅಕ್ಕ


ಅಕ್ಟೋಬರ್ 19

ಅಕ್ಕ,

ಆ ಕಂತಿನಲ್ಲಿ ನಿನ್ನ ಹೆಸರಿಲ್ಲ, ಊರಿಲ್ಲ. ಬರೆದವಳು ಯಾರೋ, ಓದುವವಳು ಯಾರೋ. ಅಚ್ಚಿನಲ್ಲಿರುವುದನ್ನು ಓದಿ ಕೆಳಗಿಡು, ಸಾಕು. ನಿನ್ನದು ಎಂದು ಯಾರಿಗೂ ತಿಳಿಯುವುದಿಲ್ಲ.

ಹಣ್ಣಿನ ಸಾಲು ಎಲ್ಲಿ ಬಂದರೂ ಹೊಡೆದುಹಾಕು. ನೀನು ಹೇಳಿದ್ದು ಸರಿ. ಅದು ಹುಣ್ಣಿನ ಹಾಗೇ ಇತ್ತು.

ಊದಿದ ಮಣಿಕಟ್ಟಿನ ಬಗ್ಗೆ ಕ್ಷಮೆ ಕೇಳಲು ನಾಲ್ಕು ಸಲ ಬರೆದು ಹರಿದೆ. ಪ್ರತಿ ಸಲವೂ ವಾಕ್ಯ ಚೆನ್ನಾಗಿ ಬಂತು. ಅದಕ್ಕೇ ಹರಿದೆ.

ತಂಗಿ


ನವೆಂಬರ್ 4

ತಂಗಿಗೆ,

ಓದಿದೆ.

ಹೋದ ತಿಂಗಳ ಕೊನೆಯ ಸೋಮವಾರ ಊಟವಾದ ಮೇಲೆ ಸೂಜಿ ಎದ್ದು ಹೊರಟಳು. ಕೂರು, ಇವತ್ತು ಹಳೆಯ ಕಂತು, ನಾನು ಒಂದು ಪುಟ ಬಿಟ್ಟಿದ್ದೆ ಎಂದೆ. ರೇಡಿಯೋ, ಅಯ್ಯೋ ಬಿಟ್ಟ ಪುಟ ಯಾರಿಗೆ ಬೇಕು, ಆ ಚಿಕ್ಕವಳಿಗೆ ಇನ್ನೊಂದು ಏಟು ಬೀಳುತ್ತದೋ ಇಲ್ಲವೋ ಹೇಳು ಎಂದಳು. ಸೂಜಿ ಬಾಗಿಲ ಹತ್ತಿರವೇ ನಿಂತಳು, ಒಂದು ಕೈ ಚಿಲಕದ ಮೇಲಿಟ್ಟು.

ಅಚ್ಚಿನಲ್ಲಿದ್ದ ಹಾಗೇ ಓದಿದೆ. ಗಂಟು, ಗೆರೆ, ಬೆರಳು, ಯಾವುದನ್ನೂ ಬಿಡಲಿಲ್ಲ. ಎಷ್ಟು ಹೊಲಸಾಗಿ ಬರೆದಿದ್ದೀಯ ಎಂದು ಗಟ್ಟಿಯಾಗಿ ಓದಿದಾಗಲೇ ತಿಳಿದದ್ದು. ಆದರೂ ಒಂದು ಮಾತು ಹೇಳುತ್ತೇನೆ. ಗೋಡೆಗೆ ಬಳಿದದ್ದರ ಬಗ್ಗೆ ನೀನು ಕೊಟ್ಟ ಆ ಒಂದು ಸಾಲಿಗೆ ಬಂದಾಗ, ಸೂಜಿಯ ಕೈ ಚಿಲಕದಿಂದ ಕೆಳಗಿಳಿಯಿತು.

ಮುಗಿದಾಗ ಯಾರೂ ಮಡಚುತ್ತಿರಲಿಲ್ಲ. ಹಿರಿಯಕ್ಕ ಕೈಯಲ್ಲಿದ್ದ ಶೀಟನ್ನು ಮೇಜಿನ ಮೇಲೆ ಹಾಕಿ, 'ಥೂ, ಇದನ್ನೂ ಕಥೆ ಅಂತಾರಾ' ಎಂದು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡಳು. ರೇಡಿಯೋ ಮೊದಲ ಸಲ ದನಿ ತಗ್ಗಿಸಿ ಕೇಳಿದಳು.

'ಹಂಗಾದ್ರೆ ಆ ಜಡೆ, ಆ ಹಾಡು?'

'ಅದು ನಾನು ಸೇರಿಸಿದ್ದು' ಎಂದೆ.

'ಕೆನ್ನೆಗೆ ಕೊಟ್ಟಿದ್ದು?'

'ಅದೂ ನಾನೇ.'

ಅವಳ ಮುಖ ಸಣ್ಣಗಾಯಿತು. ಅದೊಂದನ್ನಾದರೂ ಬಿಡಬಹುದಿತ್ತೇನೋ.

ನೀನು ಹೇಳಿದ ಹಾಗೆ ಓದಿ ಕೆಳಗಿಡುವುದೇ ನನ್ನ ಮನಸ್ಸಿನಲ್ಲೂ ಇತ್ತು. ಪತ್ರಿಕೆಯನ್ನು ಮಡಚಿದ್ದೆ, ಸ್ಟೂಲಿನಿಂದ ಒಂದು ಕಾಲು ಕೆಳಗಿಟ್ಟಿದ್ದೆ. ಆಗ ಸೂಜಿ ಬಾಯಿ ಬಿಟ್ಟಳು.

'ಯಾವ ಕೈ ಮೊದಲು ಕಟ್ತಾ ಇದ್ದಳು?'

ಅಚ್ಚಿನಲ್ಲಿ ಅದು ಇಲ್ಲ ತಂಗಿ. ನೀನು ಗಂಟಿನ ವರ್ಣನೆ ಮಾಡಿದೆ, ನೂಲಿನ ವರ್ಣನೆ ಮಾಡಿದೆ, ಯಾವ ಕೈ ಮೊದಲು ಎಂದು ಬರೆಯಲಿಲ್ಲ. ಕಟ್ಟುವವರು ಮಾತ್ರ ಕೇಳುವ ಪ್ರಶ್ನೆ ಅದು. ಬರೆದಿಲ್ಲ ಎಂದು ಹೇಳಿ ನಾನು ಕೆಳಗಿಳಿಯಬಹುದಿತ್ತು. ನಿಜವೂ ಆಗುತ್ತಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು, ಆ ಚೀಲ ಬಿದ್ದ ದಿನ ನೋಡದ ಕಣ್ಣಿನಲ್ಲಿ.

'ಬಲಗೈ' ಎಂದೆ. 'ಬಲಗೈ ಕಟ್ಟೋವಾಗ ಎಡಗೈ ಖಾಲಿ ಇರ್ತಿತ್ತು. ಆ ಕೈಯಲ್ಲಿ ನನ್ನ ತಲೆ ಸವರೋಳು. ದಿನಾ. ಏನು ಅಂದ್ಕೊಂಡಿದ್ಳೋ. ಎಡಗೈ ಕಟ್ಟೋವಾಗ ಸವರೋದಕ್ಕೆ ಕೈ ಇರ್ತಿರಲಿಲ್ಲ.'

ನನ್ನ ತಲೆ ಎಂದು ಬಾಯಿಂದ ಬಂದಿದ್ದು ಆಮೇಲೆ ನನಗೇ ಕೇಳಿಸಿತು. ನಲ್ಲಿಯ ನೀರು ನಿಂತಿತು. ಹಿರಿಯಕ್ಕ ತಿರುಗಿ ನೋಡಿದಳು.

ನನ್ನ ಪಾಲಿನ ಶೀಟುಗಳು ಮೇಜಿನ ಮೇಲೆ ಹಾಗೇ ಇದ್ದವು, ಅವತ್ತು ಯಾರೂ ಅವನ್ನು ಮುಟ್ಟಿರಲಿಲ್ಲ. ನಾನೇ ಒಂದನ್ನು ಎತ್ತಿ ಒದರಿದೆ. ಒಬ್ಬಳೇ ದೊಡ್ಡ ಶೀಟು ಮಡಚಲಾಗುವುದಿಲ್ಲ, ಒಂದು ಅಂಚು ನೆಲಕ್ಕೆ ತಾಗುತ್ತದೆ. ಸೂಜಿ ಬಂದು ಆ ಅಂಚನ್ನು ಹಿಡಿದಳು. ಸಾಯಂಕಾಲದವರೆಗೆ ಇಬ್ಬರೂ ಮಡಚಿದೆವು. ಹೊರಡುವಾಗ ಅವಳು ಚೀಲದಿಂದ ಒಂದು ಜೊತೆ ಪಟ್ಟಿ ತೆಗೆದು ನನ್ನ ಕೈಗಿಟ್ಟಳು, ಹತ್ತಿ ಇಟ್ಟು ಹೊಲಿದದ್ದು. ನನಗೆ ಈಗ ಅದು ಯಾತಕ್ಕೆ, ಅಮ್ಮ ಹೋಗಿ ಎರಡು ವರ್ಷ ಆಯಿತು. ಆದರೂ ತೆಗೆದುಕೊಂಡೆ.

ಅವಳು ಸೂಪರ್‌ವೈಸರಿಗೆ ಹೇಳಿದ್ದನ್ನು ವಾಪಸು ತೆಗೆದುಕೊಂಡಿದ್ದಾಳೆ. ಹಿರಿಯಕ್ಕ ಮಾತ್ರ ನನ್ನ ಎದುರು ಶೀಟು ಹಿಡಿಯುವುದನ್ನು ಬಿಟ್ಟಿದ್ದಾಳೆ. ಇನ್ನು ಮೇಲೆ ಅಡುಗೆ ಹೇಳಿಕೊಡುವ ಪುಟ ಓದಿದರೆ ಸಾಕಂತೆ. ನನ್ನನ್ನು ಕಂಡರೆ ಅವಳಿಗೆ ಅಸಹ್ಯ, ಅದನ್ನು ಅವಳು ಮುಚ್ಚಿಡುವುದಿಲ್ಲ. ಹನ್ನೊಂದು ವರ್ಷ ಒಂದೇ ಶೀಟಿನ ಎರಡು ತುದಿ ಹಿಡಿದವರು ನಾವು. ಇದು ನನಗೆ ನೋಯುತ್ತದೆ, ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ.

ನಿನ್ನ ಮೇಲಿನ ಹೇಸಿಗೆ ಹೋಗಿಲ್ಲ. ಆ ನೋಟ್‌ಬುಕ್ಕು ನೆನೆದಾಗಲೆಲ್ಲ ಬರುತ್ತದೆ, ಬರುತ್ತಲೇ ಇರುತ್ತದೆ. ಅದನ್ನು ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಈ ಬೆಳಿಗ್ಗೆ ದೇವರ ಮುಂದೆ ಕೂತು ಆ ವಿಷಯ ಎತ್ತಿದೆ, ಮೊದಲ ಸಲ. ನಿನ್ನದನ್ನೂ ಸೇರಿಸಿಯೇ ಹೇಳಿದೆ.

ಎಡಗೈಯ ಮಾತನ್ನು ನಿನ್ನ ಮುಂದಿನ ಕಥೆಗೆ ಹಾಕಬೇಡ. ಅದನ್ನು ನೀನು ನೋಡಿಲ್ಲ, ಅದು ನನ್ನದು. ನೀನು ಹಾಕದೆ ಇರಲಾರೆ ಎಂದೂ ನನಗೆ ಗೊತ್ತು. ಹಾಕಿದರೆ ಯಾವುದಕ್ಕೂ ಹೋಲಿಸಬೇಡ. ಕೈ ಎಂದರೆ ಕೈ ಎಂದೇ ಬರಿ.

ಮಧ್ಯಾಹ್ನ ಅದನ್ನು ಗಟ್ಟಿಯಾಗಿ ಓದಬೇಕಾದವಳು ನಾನು.

ಅಕ್ಕ